ಕರಣಿಕನ ಧರ್ಮ

ಹೊರನಾಡಿನ ಯಾವ ಕನ್ನಡ ಸಂಘದ ಸದಸ್ಯರ ಯಾದಿಯನ್ನು ತೆರೆದು ನೋಡಿದರೂ ಕುಲಕರ್ಣಿ, ಶಾನುಭಾಗ, ಕರ್ಣಿಕ ಎಂಬ ಅಡ್ಡಹೆಸರುಗಳು ಕಣ್ಣಿಗೆ ಬೀಳುತ್ತವೆ. ಇವೆಲ್ಲವೂ ಮೂಲದಲ್ಲಿ ಒಂದೇ ವೃತ್ತಿಯ ಹೆಸರುಗಳು. ಊರಿನ ಲೆಕ್ಕ ಬರೆಯುವವನು ಬಡಗಣ ನಾಡಿನಲ್ಲಿ ಕುಲಕರ್ಣಿಯಾದನು, ಮೈಸೂರು ಸೀಮೆಯಲ್ಲಿ ಶಾನುಭೋಗನಾದನು. ಹಳೆಯ ಶಾಸನಗಳಲ್ಲಿ ಅವನೇ ಸೇನಬೋವ. ಇಂದು ಆ ಮನೆತನಗಳ ಮಕ್ಕಳು ಬೇರೆ ಬೇರೆ ಉದ್ಯೋಗಗಳಲ್ಲಿದ್ದಾರೆ. ಲೆಕ್ಕದ ಕೆಲಸವಾದರೋ ಎಲ್ಲ ಮನೆತನಗಳ ಮಕ್ಕಳಿಗೂ ತೆರೆದಿದೆ. ಆದರೆ ಆ ಕೆಲಸದ ಜೊತೆಗೆ ಹುಟ್ಟಿದ ಒಂದು ಪ್ರಶ್ನೆ ಮಾತ್ರ ಹಳತಾಗಿಲ್ಲ. ಲೆಕ್ಕ ಬರೆಯುವವನು, ಲೆಕ್ಕ ನೋಡುವವನು ಯಾರ ಆಳು? ಸಂಬಳ ಕೊಡುವ ಧಣಿಯ ಆಳೇ, ಅಥವಾ ಆ ಲೆಕ್ಕವನ್ನು ನಂಬಿ ದೂರದಲ್ಲಿ ಕುಳಿತಿರುವವರ ಆಳೇ? ಈ ಪ್ರಶ್ನೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಇಲ್ಲಿ ನೋಡೋಣ.

ಪ್ರಾಚೀನ ಭಾರತದಲ್ಲಿ ಇದನ್ನು ಬಲು ಕೂಲಂಕಷವಾಗಿ ವಿಚಾರ ಮಾಡಿದ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಅದು ಲೋಕಕ್ಕೆ ಮರಳಿ ದೊರೆತುದು ಮೈಸೂರಿನಲ್ಲೇ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ್ದ ಗ್ರಂಥಲಿಪಿಯ ತಾಳೆಗರಿಯ ಕಟ್ಟನ್ನು 1905ರಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಗುರುತಿಸಿದರು; 1909ರಲ್ಲಿ ಮೂಲವನ್ನೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು.

ಅದರ ಎರಡನೆಯ ಅಧಿಕರಣದಲ್ಲಿ ಲೆಕ್ಕದ ಕಚೇರಿಗೆಂದೇ ಒಂದು ಅಧ್ಯಾಯವಿದೆ. ಆಷಾಢದ ಹುಣ್ಣಿಮೆಗೆ ವರ್ಷದ ಲೆಕ್ಕ ಬರಬೇಕು; ಕರಣಿಕರು ಮುದ್ರೆಯೊತ್ತಿದ ಪುಸ್ತಕಗಳೊಡನೆ ಹಾಜರಾಗಬೇಕು; ಬಂದವರು ತಮ್ಮತಮ್ಮೊಳಗೆ ಮಾತನಾಡಕೂಡದು. ಮುಂದಿನ ಅಧ್ಯಾಯದಲ್ಲಿ ರಾಜಧನವನ್ನು ಅಪಹರಿಸುವ 40 ಉಪಾಯಗಳ ಎಣಿಕೆಯಿದೆ. ಮೊದಲು ಬಂದುದನ್ನು ತಡವಾಗಿ ಬರೆಯುವುದು, ಮುಂದೆ ಬರಬೇಕಾದುದನ್ನು ಈಗಲೇ ಬಂದಿತೆಂದು ಬರೆಯುವುದು, ವಸೂಲಾದುದನ್ನು ಆಗಿಲ್ಲವೆನ್ನುವುದು, ಒಬ್ಬನು ಕೊಟ್ಟುದನ್ನು ಇನ್ನೊಬ್ಬನ ಹೆಸರಿಗೆ ಜಮಾ ಮಾಡುವುದು, ಹೀಗೆ. ಇಂದಿನ ಕಂಪೆನಿಗಳ ಲೆಕ್ಕದಲ್ಲಿ ಸಿಕ್ಕಿಬೀಳುವ ಮೋಸಗಳಲ್ಲಿ ಬಹುಪಾಲು ಈ ಯಾದಿಯೊಳಗೇ ಅಡಗುತ್ತದೆ. ಅಪಹಾರವನ್ನು ಸೂಚಿಸಿ ಸ್ಥಾಪಿಸಿದವನಿಗೆ ಆ ಹಣದ ಆರನೆಯ ಒಂದು ಪಾಲು, ಅವನು ಸಂಬಳದ ಆಳಾಗಿದ್ದರೆ ಹನ್ನೆರಡನೆಯ ಒಂದು ಪಾಲು ಬಹುಮಾನವೆಂದು ಕೌಟಿಲ್ಯನು ಗೊತ್ತುಪಡಿಸಿದನು. ನೀರಿನೊಳಗಿನ ಮೀನು ನೀರು ಕುಡಿಯುವುದು ಹೇಗೆ ಕಾಣದೋ ಅಧಿಕಾರಿಯ ಕಳವೂ ಹಾಗೆ ಎಂಬ ಪ್ರಸಿದ್ಧ ಹೋಲಿಕೆ ಅವನದೇ. ಮನುಷ್ಯನ ಸದ್ಗುಣವೊಂದನ್ನೇ ನಂಬಿ ಕೂರದೆ, ಒಬ್ಬನು ಬರೆದುದನ್ನು ಇನ್ನೊಬ್ಬನು ನೋಡಬೇಕೆಂಬ ನಿಯಮವನ್ನು ಅವನು ಬಿಗಿಮಾಡಿದನು.

ಕನ್ನಡನಾಡಿನ ನೆನಪಿನಲ್ಲಿ ನಿಂತಿರುವ ಕಥೆಯೊಂದು ಈ ನಿಯಮದ ಇನ್ನೊಂದು ಮುಖವನ್ನು ತೋರಿಸುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನಲ್ಲಿ ಬಸವಣ್ಣನವರು ಭಂಡಾರಿಗಳಾಗಿದ್ದರು. ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚಮಾಡಿದರೆಂದು ದೂರು ಬಂದಿತು, ಎಣಿಸಿ ನೋಡಲಾಗಿ ಹಣ ಪೂರ್ತಿಯಾಗಿ ಇದ್ದಿತು ಎಂದು ಪುರಾಣಕಾವ್ಯಗಳು ಹೇಳುತ್ತವೆ. ಅದರಲ್ಲಿನ ಪವಾಡವನ್ನು ಭಕ್ತರಿಗೆ ಬಿಡೋಣ. ಲೆಕ್ಕ ಕೇಳಿಸಿಕೊಳ್ಳುವುದು ಅಷ್ಟು ದೊಡ್ಡವರಿಗೂ ತಪ್ಪಲಿಲ್ಲವೆಂಬ ಅಂಶ ನಮಗೆ ಮುಖ್ಯ.

ಇನ್ನು ಹಳ್ಳಿಯ ಶಾನುಭೋಗನ ಮಾತು. ಅವನ ಪುಸ್ತಕಕ್ಕೆ ಕಡತವೆಂದು ಹೆಸರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಅಳಿಸಿ ಮತ್ತೆ ಬರೆಯಲು ಬರುತ್ತಿತ್ತು. ರೈತನಿಗೆ ಓದಲು ಬಾರದು. ಅವನ ಹೊಲದ ವಿಸ್ತೀರ್ಣ, ಕಂದಾಯ, ಬಾಕಿ ಎಲ್ಲವೂ ಶಾನುಭೋಗನ ಬಳಪದ ತುದಿಯಲ್ಲಿ. ವರ್ಷಕ್ಕೊಮ್ಮೆ ಜಮಾಬಂದಿಗೆ ಮೇಲಿನವರು ಬಂದು ಲೆಕ್ಕ ನೋಡುವ ಕ್ರಮವಿದ್ದರೂ, ಅವರು ನೋಡುತ್ತಿದ್ದುದು ಅವನು ಬರೆದಿಟ್ಟುದನ್ನೇ. ಇಂಥ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡೂ ನ್ಯಾಯವಾಗಿ ನಡೆದವರು ಊರಿಗೆ ತಂದೆಯಂತಿದ್ದರು. ನಡೆಯದವರಿಂದ ಮನೆಗಳು ಹಾಳಾದವು. 1961ರ ಕಾಯಿದೆ ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು ರದ್ದುಮಾಡಿತು. ಅವರ ಜಾಗದಲ್ಲಿ ಸರ್ಕಾರಿ ಸಂಬಳದ ಗ್ರಾಮಲೆಕ್ಕಿಗರು ಬಂದರು.

ಕಂಪೆನಿಗಳ ಕಾಲದಲ್ಲಿ ಈ ಪ್ರಶ್ನೆ ಇನ್ನೂ ತೊಡಕಾಯಿತು. ಷೇರು ಕೊಂಡವನು ಒಂದು ಊರಿನಲ್ಲಿ, ಕಾರಖಾನೆ ಇನ್ನೊಂದು ಊರಿನಲ್ಲಿ. ಅವನ ಪರವಾಗಿ ಲೆಕ್ಕ ನೋಡಲು ಪರಿಶೋಧಕನೆಂಬ ಹೊಸ ವೃತ್ತಿಗಾರ ಹುಟ್ಟಿದನು. ಅವನ ಕರ್ತವ್ಯದ ಎಲ್ಲೆ ಎಲ್ಲಿಯವರೆಗೆ? 1896ರಲ್ಲಿ ಇಂಗ್ಲೆಂಡಿನ ಕಿಂಗ್‌ಸ್ಟನ್ ಹತ್ತಿ ಗಿರಣಿಯ ಮೊಕದ್ದಮೆಯಲ್ಲಿ ಇದೇ ಚರ್ಚೆಗೆ ಬಂದಿತು. ಮ್ಯಾನೇಜರನು ವರ್ಷಗಟ್ಟಲೆ ಸರಕಿನ ದಾಸ್ತಾನನ್ನು ಹೆಚ್ಚಾಗಿ ತೋರಿಸಿದ್ದನು. ಪರಿಶೋಧಕರು ಅವನ ದಾಖಲೆಯನ್ನೇ ನಂಬಿ ಸಹಿ ಮಾಡಿದ್ದರು. ಸಂಶಯಕ್ಕೆ ಕಾರಣವಿಲ್ಲದಾಗ ನಂಬಿದುದು ತಪ್ಪಲ್ಲ, ಪರಿಶೋಧಕನು ಕಾವಲುನಾಯಿಯೇ ಹೊರತು ಬೇಟೆನಾಯಿಯಲ್ಲ ಎಂಬ ಅರ್ಥದ ತೀರ್ಪು ಬಂದಿತು. ಆದರೆ 1938ರಲ್ಲಿ ಅಮೆರಿಕದ ಮ್ಯಾಕೆಸನ್ ಅಂಡ್ ರಾಬಿನ್ಸ್ ಕಂಪೆನಿಯಲ್ಲಿ ಇಲ್ಲದ ಸರಕೂ ಇಲ್ಲದ ಬಾಕಿಗಳೂ ಬಯಲಾದ ಮೇಲೆ ಅಲ್ಲಿನ ವೃತ್ತಿಗಾರರು ನಿಯಮ ಬದಲಿಸಿದರು. ಸರಕಿನ ಎಣಿಕೆಯ ಹೊತ್ತಿಗೆ ಪರಿಶೋಧಕನು ಸ್ವತಃ ಹಾಜರಿರತಕ್ಕದ್ದು; ಬಾಕಿದಾರನಿಗೆ ನೇರವಾಗಿ ಪತ್ರ ಬರೆದು ಕೇಳತಕ್ಕದ್ದು.

ನಮ್ಮ ದೇಶದಲ್ಲಿ ಮುಂಬಯಿ ಸರ್ಕಾರವು 1918ರಲ್ಲಿ ಲೆಕ್ಕಶಾಸ್ತ್ರದ ಡಿಪ್ಲೊಮಾವನ್ನು ಆರಂಭಿಸಿತು. 1932ರಲ್ಲಿ ರಿಜಿಸ್ಟರ್ಡ್ ಅಕೌಂಟೆಂಟರ ವ್ಯವಸ್ಥೆ ಬಂದಿತು. ಸ್ವಾತಂತ್ರ್ಯಾನಂತರ ಚಾರ್ಟರ್ಡ್ ಅಕೌಂಟೆಂಟರ ಕಾಯಿದೆ 1949ರ ಜುಲೈ 1ರಂದು ಜಾರಿಗೆ ಬಂದು, ವೃತ್ತಿಯ ಶಿಸ್ತನ್ನು ಆ ವೃತ್ತಿಯವರ ಸಂಸ್ಥೆಗೇ ಒಪ್ಪಿಸಿತು. ಕಕ್ಷಿದಾರನ ಗುಟ್ಟನ್ನು ಒಪ್ಪಿಗೆಯಿಲ್ಲದೆ ಹೊರಗೆಡಹಬಾರದು, ಹೆಚ್ಚಿನ ಸ್ವಹಿತವಿರುವ ವ್ಯಾಪಾರದ ಲೆಕ್ಕಕ್ಕೆ ಅಭಿಪ್ರಾಯ ಬರೆಯಬಾರದು, ಕೆಲಸದಲ್ಲಿ ತಕ್ಕ ಎಚ್ಚರಿಕೆ ವಹಿಸದಿರುವುದೂ ದುರ್ನಡತೆಯೇ ಎಂದು ಅದರ ಅನುಸೂಚಿಗಳು ವಿಧಿಸುತ್ತವೆ.

ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ ಆದುದೇನು? ನಾವು ನೆಲೆಸಿರುವ ಈ ಹೈದರಾಬಾದಿನಲ್ಲೇ 2009ರ ಜನವರಿ 7ರಂದು ಸತ್ಯಂ ಕಂಪೆನಿಯ ಅಧ್ಯಕ್ಷ ರಾಮಲಿಂಗರಾಜು ಅವರು ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂಬ ಗಾದೆ ಅಕ್ಷರಶಃ ನಿಜವಾಯಿತು. ಅಲ್ಲಿ ದುಡಿಯುತ್ತಿದ್ದ ಸುಮಾರು 50,000 ಮಂದಿಯ ಅನ್ನದ ಪ್ರಶ್ನೆ, ಉಳಿತಾಯವನ್ನು ಷೇರಿಗೆ ಹಾಕಿದ್ದ ಸಾಮಾನ್ಯರ ಸಂಕಟ ಒಟ್ಟಿಗೇ ಎದ್ದವು. ತನಿಖೆಯಲ್ಲಿ ಕಂಡುಬಂದ ಮುಖ್ಯ ದೋಷ ಬಹು ಸಣ್ಣದು. ಶಿಲ್ಕು ಎಷ್ಟಿದೆಯೆಂದು ಪರಿಶೋಧಕರು ಬ್ಯಾಂಕುಗಳಿಗೆ ತಾವೇ ಬರೆದು, ಉತ್ತರವನ್ನು ನೇರವಾಗಿ ತರಿಸಿಕೊಳ್ಳಬೇಕಾಗಿದ್ದಿತು. ಆ ಪತ್ರವ್ಯವಹಾರವನ್ನು ಅವರು ಕಂಪೆನಿಯ ಕೈಗೇ ಬಿಟ್ಟಿದ್ದರು. ಯಾರ ಲೆಕ್ಕವನ್ನು ನೋಡಬೇಕೋ ಅವರೇ ಕೊಟ್ಟ ಕಾಗದವನ್ನು ನಂಬುವುದು ಗಿರಣಿಯ ಕಾಲದ ತಪ್ಪೇ. 2015ರಲ್ಲಿ ಇಲ್ಲಿನ ವಿಶೇಷ ನ್ಯಾಯಾಲಯವು ಇಬ್ಬರು ಪರಿಶೋಧಕರೂ ಸೇರಿದಂತೆ 10 ಮಂದಿಯನ್ನು ಅಪರಾಧಿಗಳೆಂದು ಸಾರಿತು. ಅದರ ಮೇಲೆ ಮೇಲ್ಮನವಿಗಳಾದವು. ದೊಡ್ಡ ಕಂಪೆನಿಗಳ ಪರಿಶೋಧಕರ ಮೇಲ್ವಿಚಾರಣೆಗೆ 2018ರಲ್ಲಿ ರಾಷ್ಟ್ರಮಟ್ಟದ ಬೇರೊಂದು ಪ್ರಾಧಿಕಾರವೇ ಸ್ಥಾಪಿತವಾಯಿತು.

ಕೌಟಿಲ್ಯನಿಂದ ಸತ್ಯಂವರೆಗಿನ ಈ ಚರಿತ್ರೆಯಿಂದ ತಿಳಿಯುವುದು ಇಷ್ಟು. ಕರಣಿಕನ ನಿಷ್ಠೆ ಎದುರಿಗೆ ಕುಳಿತವನಿಗಲ್ಲ, ಎದುರಿಗೆ ಇಲ್ಲದವನಿಗೆ. ಓದಲಾರದ ರೈತನಿಗೆ, ದೂರದ ಷೇರುದಾರನಿಗೆ. ಎದುರಿಗಿರುವವನು ಸಂಬಳ ಕೊಡುತ್ತಾನೆ, ಕಾಫಿ ತರಿಸುತ್ತಾನೆ, ಬರುವ ವರ್ಷವೂ ಕೆಲಸ ಕೊಡಬಲ್ಲನು. ಇಲ್ಲದವನು ಏನನ್ನೂ ಕೊಡಲಾರನು. ಕಷ್ಟವಿರುವುದು ಅಲ್ಲಿಯೇ.

ನಮ್ಮ ಮನೆಗಳ ಎಷ್ಟೋ ತರುಣ ತರುಣಿಯರು ಇಂದು ಈ ವೃತ್ತಿಯ ಪರೀಕ್ಷೆಗಳಿಗೆ ಹಗಲಿರುಳು ಓದುತ್ತಿದ್ದಾರೆ. ಅವರು ತೇರ್ಗಡೆಯಾದಾಗ ಸಿಹಿ ಹಂಚುವ ನಾವು, ಒಂದು ಸಹಿ ಹಾಕಲಾರೆನೆಂದು ಹೇಳಿ ಅವರು ಕೆಲಸ ಬಿಟ್ಟು ಬಂದ ದಿನವೂ ಅವರ ಬೆನ್ನಿಗೆ ನಿಲ್ಲಬೇಕು. ಹಾಗೆಯೇ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಕೋಶಾಧ್ಯಕ್ಷರು ಜಮಾಖರ್ಚು ಓದುವಾಗ ಊಟದ ಕಡೆ ನೋಡದೆ ಕಿವಿಗೊಡೋಣ, ಸಂದೇಹವಿದ್ದರೆ ಕೇಳೋಣ. ಕೇಳಿದವರನ್ನು ಜಗಳಗಂಟರೆಂದು ಯಾರೂ ಭಾವಿಸದಿರಲಿ. ಉತ್ತರಿಸುವವರು ಅದನ್ನು ಅವಮಾನವೆಂದು ಎಣಿಸದಿರಲಿ. ಪರಸ್ಪರ ನಂಬಿಕೆ ಇಟ್ಟವರ ನಡುವೆಯೇ ಲೆಕ್ಕ ಸ್ಪಷ್ಟವಾಗಿರತಕ್ಕದ್ದು.