ಬೀಗ ಯಾರ ರಕ್ಷಣೆಗೆ?

ನಮ್ಮ ಹಟ್ಟಿಗಳಿಂದ ಬೆಂಗಳೂರಿಗೆ ಬಂದ ಹೆಣ್ಮಕ್ಕಳು ಗಾರ್ಮೆಂಟ್ಸಿಂದಲೋ ಅಪಾರ್ಟ್‌ಮೆಂಟ್ ಮನೆಗೆಲಸದಿಂದಲೋ ಹೊರಡುವಾಗ ಗೇಟಲ್ಲಿ ಚೀಲ ಬಿಚ್ಚಿ ತೋರಿಸೋದನ್ನ ನಾನು ಎಷ್ಟೋ ಸಲ ನೋಡಿದ್ದೀನಿ. ಕೇಳಿದ್ರೆ ‘ಸೆಕ್ಯೂರಿಟಿ’ ಅಂತಾರೆ. ಯಾರ ಸೆಕ್ಯೂರಿಟಿ? ಚರಿತ್ರೆಯಲ್ಲಿ ಉತ್ತರ ಇದೆ ಗೆಳೆಯರೇ.

1911ರ ಮಾರ್ಚ್ 25. ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆ. ಹತ್ತು ಅಂತಸ್ತಿನ ಕಟ್ಟಡದಲ್ಲಿ ಮೇಲಿನ ಮೂರು ಮಹಡಿ ಅದರದ್ದು. ಹೊಲಿಯುತ್ತಿದ್ದವರಲ್ಲಿ ಹೆಚ್ಚಿನವರು ವಲಸೆ ಬಂದ ಯಹೂದಿ, ಇಟಾಲಿಯನ್ ಹುಡುಗಿಯರು. ಕೆಲಸ ಮುಗಿದ ಮೇಲೆ ಒಂದೇ ಬಾಗಿಲಲ್ಲಿ ಸಾಲಾಗಿ, ಪರ್ಸ್ ತೋರಿಸಿ ಹೋಗಬೇಕು. ಒಂಬತ್ತನೇ ಮಹಡಿಯ ಇನ್ನೊಂದು ಬಾಗಿಲಿಗೆ ಬೀಗ. ಅವತ್ತು ಬೆಂಕಿ ಬಿತ್ತು. ಬೀಗದ ಬಾಗಿಲು ತೆರೆಯಲಿಲ್ಲ. ಹೊರಗಿನ ಕಬ್ಬಿಣದ ಮೆಟ್ಟಿಲು ಭಾರಕ್ಕೆ ಕುಸಿಯಿತು. ಅಗ್ನಿಶಾಮಕದವರ ಏಣಿ ಆರನೇ ಮಹಡಿಗಷ್ಟೇ ಮುಟ್ಟಿತು. ಕಿಟಕಿಯಿಂದ ಹಾರಿದವರೂ ಸೇರಿ ಸತ್ತವರು 146 ಜನ.

ಅದು ‘ಬೆಂಕಿಗೆ ಜಗ್ಗದ’ ಕಟ್ಟಡ ಅನ್ನಿಸಿಕೊಂಡಿತ್ತು. ಸುಳ್ಳಲ್ಲ, ಇವತ್ತಿಗೂ ನಿಂತಿದೆ. ಉಳಿಯದೇ ಹೋದದ್ದು ಮನುಷ್ಯರು.

ಕಳುವಾದ ಮಾಲಿನ ಬೆಲೆ 25 ಡಾಲರ್ ಮೀರಿರಲಿಲ್ಲ ಅಂತ ಮಾಲೀಕನೇ ಕೋರ್ಟಲ್ಲಿ ಒಪ್ಪಿಕೊಂಡ. ಆದರೂ ಇಬ್ಬರು ಮಾಲೀಕರೂ ಖುಲಾಸೆಯಾದರು. ಅವರಲ್ಲೊಬ್ಬ, ಮ್ಯಾಕ್ಸ್ ಬ್ಲಾಂಕ್, 1913ರಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದ. ದಂಡ ಎಷ್ಟು ಗೊತ್ತಾ? 20 ಡಾಲರ್!

ಕಾರ್ಮಿಕ ಹೆಣ್ಮಕ್ಕಳು ಸುಮ್ಮನಿರಲಿಲ್ಲ, ಬೀದಿಗಿಳಿದರು. ತನಿಖಾ ಆಯೋಗ ಬಂತು, ಹೊಸ ಕಾನೂನುಗಳು ಬಂದವು. ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಲು ಅದೇ ನ್ಯೂಯಾರ್ಕಿಗೆ ಹೋದದ್ದು 1913ರಲ್ಲಿ, ಆ ಕಾನೂನುಗಳು ರೂಪುಗೊಳ್ಳುತ್ತಿದ್ದ ಕಾಲದಲ್ಲಿ. ಮುಂದೆ 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ, ಒಳಗೆ ಜನ ಇರುವಾಗ ಹೊರಹೋಗುವ ಬಾಗಿಲಿಗೆ ಬೀಗ ಹಾಕಬಾರದು ಅಂತಲೇ ಬರೆಯಿತು.

ಬರೆದದ್ದು ಪುಸ್ತಕದಲ್ಲೇ ಉಳಿಯಿತು. 2012ರಲ್ಲಿ ಢಾಕಾ ಬಳಿಯ ತಾಜ್ರೀನ್ ಗಾರ್ಮೆಂಟ್ಸ್: ಬೀಗ, ಕಬ್ಬಿಣದ ಗ್ರಿಲ್ಲು, ನೂರಕ್ಕೂ ಹೆಚ್ಚು ಹೆಣ. 2019ರಲ್ಲಿ ದಿಲ್ಲಿಯ ಅನಾಜ್ ಮಂಡಿ: ದುಡಿದ ಜಾಗದಲ್ಲೇ ಮಲಗಿದ್ದ 43 ಕಾರ್ಮಿಕರು.

ಇದು ಬರೀ ನಿರ್ಲಕ್ಷ್ಯ ಅಲ್ಲ. ದುಡಿಯೋರನ್ನ ಮೊದಲೇ ಕಳ್ಳರು ಅಂತ ತೀರ್ಮಾನಿಸಿ ಕಟ್ಟಿದ ಕಟ್ಟಡಗಳಿವು. ಊರಲ್ಲಿ ಹಟ್ಟಿಯವರನ್ನ ಅನುಮಾನದಿಂದ ನೋಡೋ ಕಣ್ಣೇ ನಗರದಲ್ಲಿ ಗೇಟು, ಗ್ರಿಲ್ಲು, ಬೀಗ ಆಗಿ ನಿಂತಿದೆ. ಮಾಲಿಗೆ ಭದ್ರತೆ, ನಮ್ಮ ಜೀವಕ್ಕೆ ಬೀಗ.

ನಾಳೆ ಕೆಲಸಕ್ಕೆ ಹೋದಾಗ ಒಂದು ನೋಡಿ ಬನ್ನಿ: ಎರಡನೇ ಬಾಗಿಲು ಎಲ್ಲಿದೆ? ಕೀ ಯಾರ ಜೇಬಲ್ಲಿದೆ? ಒಬ್ಬರೇ ಕೇಳಬೇಡಿ, ಹತ್ತು ಜನ ಸೇರಿ ಕೇಳಿ.

ಜೈ ಭೀಮ್.