ವ್ರಣಚಿಕಿತ್ಸೆಯಲ್ಲಿ ಜೇನು ಮತ್ತು ಶ್ರಾವಕನ ಮಧುತ್ಯಾಗ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಅಷ್ಟಮೂಲಗುಣಗಳನ್ನು ಹೇಳಿದ್ದಾರೆ. ಗೂಡಿನಿಂದ ತಾನಾಗಿಯೇ ಜಾರಿದ ಜೇನಿನಲ್ಲಿಯೂ ಅದನ್ನಾಶ್ರಯಿಸಿದ ಜೀವಿಗಳ ಘಾತವುಂಟೆಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಸೂರಿಗಳ ಅಭಿಪ್ರಾಯ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಔಷಧದ ನೆಪದಿಂದ ತಿಂದ ಜೇನನ್ನೂ ನಿಷೇಧಿಸಿದರು.

ವೈದ್ಯದ ಪರಂಪರೆಯಾದರೋ ಬೇರೊಂದು ದಾರಿಯಲ್ಲಿ ನಡೆಯಿತು. ಕ್ರಿ.ಪೂ. 1600ರ ಸುಮಾರಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲಿ ಗಾಯಕ್ಕೆ ಕೊಬ್ಬು, ಜೇನು, ನಾರುಗಳ ಕಟ್ಟು ಹೇಳಲ್ಪಟ್ಟಿದೆ. ಸುಶ್ರುತಸಂಹಿತೆಯೂ ವ್ರಣಕ್ಕೆ ಜೇನುತುಪ್ಪಗಳನ್ನು ವಿಧಿಸುತ್ತದೆ.

ಈ ಎರಡು ಪರಂಪರೆಗಳ ನೆನಪು ಸೊಲ್ಲಾಪುರದಲ್ಲಿ ಒಂದುಗೂಡುತ್ತದೆ. ಮಾಂಸವು ಔಷಧವಾಗಲಾರದೆಂದು ನೃಪತುಂಗನ ಸಭೆಯಲ್ಲಿ ವಾದಿಸಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು 1940ರಲ್ಲಿ ಅಚ್ಚಾದದ್ದು ಅಲ್ಲಿಯೇ. 1991ರಲ್ಲಿ ಅದೇ ಊರಿನ ವೈದ್ಯಕೀಯ ಕಾಲೇಜಿನ ಡಾ. ಎಂ. ಸುಬ್ರಹ್ಮಣ್ಯಂ ಅವರು 104 ಮಂದಿ ಸುಟ್ಟಗಾಯದ ರೋಗಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಬೆಳ್ಳಿಯ ಮುಲಾಮಿಗಿಂತ ಜೇನು ಹಚ್ಚಿದ ಗಾಯಗಳು ಬೇಗ ಮಾಗಿದವೆಂದು ಅದರಲ್ಲಿ ಕಂಡುಬಂದಿತು.

ಕಾರಣಗಳೂ ತಿಳಿದಿವೆ. ಜೇನಿನ ಸಕ್ಕರೆಯು ರೋಗಾಣುಗಳಿಂದ ನೀರನ್ನು ಹೀರುತ್ತದೆ. ಅದರ ಆಮ್ಲತೆ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಗಾಯದ ದ್ರವದೊಡನೆ ಬೆರೆತಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ನ್ಯೂಜಿಲೆಂಡಿನ ಮನುಕಾ ಜೇನಿನಲ್ಲಿ ಮಿಥೈಲ್‌ಗ್ಲಯಾಕ್ಸಲ್ ಎಂಬ ದ್ರವ್ಯವೂ ಉಂಟೆಂದು 2008ರಲ್ಲಿ ಗೊತ್ತಾಯಿತು. ಮನೆಯ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೀಜಾಣುಗಳಿರಬಹುದಾದ್ದರಿಂದ ಆಸ್ಪತ್ರೆಗಳಲ್ಲಿ ಬಳಸುವ ಜೇನನ್ನು ಗಾಮಾ ಕಿರಣಗಳಿಂದ ಶುದ್ಧಗೊಳಿಸುವರು. ಆದರೆ ಅದು ಸರ್ವರೋಗಹರವಲ್ಲ. 2008ರಲ್ಲಿಯೇ ನ್ಯೂಜಿಲೆಂಡಿನಲ್ಲಿ ರಕ್ತನಾಳದ ದೋಷದಿಂದ ಕಾಲುಹುಣ್ಣಾದ 368 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಜೇನುಪಟ್ಟಿಯಿಂದ ಹೆಚ್ಚಿನ ಲಾಭ ಸಿದ್ಧಪಡಲಿಲ್ಲ.

ಹಾಗಾದರೆ ಶ್ರಾವಕನು ಮಾಡಬೇಕಾದುದೇನು? ಹೇಮಚಂದ್ರರ ಮಾತು ತಿನ್ನುವುದನ್ನು ಕುರಿತದ್ದು, ಹಚ್ಚುವುದು ದೋಷವಲ್ಲವೆಂದು ಕೆಲವರು ಹೇಳಬಹುದು. ಆದರೆ ನಿಷೇಧದ ಮೂಲವು ನಾಲಗೆಯಲ್ಲಿಲ್ಲ, ಜೇನು ದೊರಕುವ ಬಗೆಯಲ್ಲಿದೆ. 19ನೆಯ ಶತಮಾನದಲ್ಲಿ ಚೌಕಟ್ಟಿನ ಪೆಟ್ಟಿಗೆಯೂ ಜೇನು ತೆಗೆಯುವ ಯಂತ್ರವೂ ಬಂದು ಗೂಡನ್ನು ಹಿಂಡುವ ಕ್ರೌರ್ಯ ತಗ್ಗಿತು. ಹುಳುಗಳ ಸಂಗ್ರಹವನ್ನು ಅಪಹರಿಸುವುದು ಉಳಿಯಿತು. ಹೀಗೆ ದ್ರವ್ಯಹಿಂಸೆ ಅಲ್ಪವಾದರೂ ಇದ್ದೇ ಇದೆ. ರುಚಿಯ ಲೋಭ ಮಾತ್ರ ಗಾಯಕ್ಕೆ ಹಚ್ಚುವಲ್ಲಿ ಇಲ್ಲ. ಈ ಭೇದವನ್ನು ಮರೆಯಬಾರದು.

ಬೇರೆ ಪಟ್ಟಿಗಳು ದೊರೆಯುವಾಗ ವ್ರತಿಯು ಮೊದಲೇ ವೈದ್ಯರಿಗೆ ತನ್ನ ನಿಯಮವನ್ನು ತಿಳಿಸುವುದು ಯುಕ್ತ. ಆಪತ್ತಿನಲ್ಲಿ ಜೇನನ್ನು ಒಪ್ಪಿದವನಿಗೆ ಗುರುಸನ್ನಿಧಿಯಲ್ಲಿ ಆಲೋಚನೆ, ಪ್ರಾಯಶ್ಚಿತ್ತಗಳ ಮಾರ್ಗವಿದೆ. ಆದರೆ ಸುಟ್ಟ ಮಗುವಿನ ಹಾಸಿಗೆಯ ಬಳಿ ನಿಂತು ಅದರ ತಾಯಿಗೆ ಮಧುದೋಷವನ್ನು ಬೋಧಿಸುವ ಅಧಿಕಾರ ಯಾವ ಶ್ರಾವಕನಿಗೂ ಇಲ್ಲ. ವ್ರತವು ಸ್ವಂತ ದೇಹದ ಮೇಲೆ ಹೊತ್ತ ಭಾರ. ಅದನ್ನು ಇನ್ನೊಬ್ಬರ ಗಾಯದ ಮೇಲೆ ಇಳಿಸಿದರೆ ಅಹಿಂಸೆ ಉಳಿಯಲಾರದು.