ಹಾಲಿನಂಥ ನೀರು, ನಾನೂರು ವರ್ಷದ ಕಥೆ



ಕಾಂದಿವಲಿಯ ಪೊಯಿಸರ್‌ನಿಂದ ಅಕ್ಕ ಒಬ್ಬರು ಸ್ಟುಡಿಯೋಗೆ ಫೋನ್ ಮಾಡಿದ್ದರು. ಹಾಡು ಕೇಳುವುದಕ್ಕಲ್ಲ. ಅವರ ತಂಗಿಯ ಮಗುವಿಗೆ ಹುಟ್ಟಿನಿಂದ ಇದ್ದ ಹೃದಯದ ದೋಷಕ್ಕೆ ಆಪರೇಷನ್ ಆಗಿತ್ತು. ಎಲ್ಲ ಸರಿಹೋಯಿತು ಎನ್ನುವಾಗ, ಮಗುವಿಗೆ ಹಾಲು ಕೊಡಲು ಶುರುಮಾಡಿದ ಮೇಲೆ, ಎದೆಗೆ ಹಾಕಿದ್ದ ಟ್ಯೂಬಿನಿಂದ ಬೆಳ್ಳಗೆ ಹಾಲಿನಂಥದ್ದೇ ಇಳಿಯತೊಡಗಿತಂತೆ. "ಕುಡಿದ ಹಾಲು ಎದೆಗೆ ಸೋರುತ್ತಾ ತಮ್ಮಾ? ಇಲ್ಲಾ ಕೀವಾ?" ನಾನು ಕನ್ನಡ ಬಿ.ಎ. ಓದಿದವನು, ಏನು ಹೇಳಲಿ? ವಾರ್ಡಿನ ಡಾಕ್ಟರನ್ನೇ ಬಿಡಿಸಿ ಕೇಳಿ ಅಕ್ಕಾ ಎಂದೆ. ಆದರೆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಹುಡುಕಿ ಓದಿದ್ದನ್ನು ನಿಮಗೂ ಹೇಳುತ್ತೇನೆ.

ಅದು ಕೀವಲ್ಲ, ಹೊಟ್ಟೆಯಿಂದ ಸೋರಿದ ಹಾಲೂ ಅಲ್ಲ. ಅದು ದುಗ್ಧರಸ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಈ ಪದ ಓದಿದ್ದು ನೆನಪಿದೆಯೇ? ದುಗ್ಧ ಎಂದರೆ ಹಾಲು. ಇಂಗ್ಲಿಷಿನ 'ಲಿಂಫ್' ಬಂದದ್ದು ಮಾತ್ರ ತಿಳಿನೀರು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಎರಡೂ ಸರಿಯೇ. ಹೊಟ್ಟೆ ಖಾಲಿ ಇದ್ದಾಗ ಈ ರಸ ತಿಳಿಯಾಗಿರುತ್ತದೆ. ಕೊಬ್ಬಿನ ಆಹಾರ ಹೊಟ್ಟೆಗೆ ಬಿದ್ದ ಮೇಲೆ ಕರುಳಿನಿಂದ ಬರುವ ರಸ ಬೆಳ್ಳಗಾಗುತ್ತದೆ.

ಇದನ್ನು ಮೊದಲು ಕಂಡುಹಿಡಿದವನೂ ಇಲ್ಲೇ ಎಡವಿದ್ದ. 1622ರ ಜುಲೈಯಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಎಂಬ ವೈದ್ಯ ಸ್ನೇಹಿತರಿಗೆ ತೋರಿಸಲೆಂದು ಜೀವಂತ ನಾಯಿಯೊಂದನ್ನು ಕೊಯ್ದ. (ಇಂದು ಓದುವಾಗ ಮೈ ಜುಂ ಎನ್ನುತ್ತದೆ.) ಕರುಳಿನ ಸುತ್ತ ಬಿಳಿಯ ಎಳೆಗಳು ಕಂಡವು. ನರಗಳಿರಬೇಕೆಂದು ಚುಚ್ಚಿದರೆ ಹಾಲು ಚಿಮ್ಮಿತು! ಇನ್ನೊಂದು ನಾಯಿಯನ್ನು ಕೊಯ್ದಾಗ ಏನೂ ಕಾಣಲಿಲ್ಲ. ಆಮೇಲೆ ಹೊಳೆಯಿತು, ಮೊದಲಿನದು ಹೊಟ್ಟೆತುಂಬ ತಿಂದಿದ್ದ ನಾಯಿ. ತಿನ್ನಿಸಿ ನೋಡಿದಾಗ ಬಿಳಿಯ ಎಳೆಗಳು ಮತ್ತೆ ಕಂಡವು. 1651ರಲ್ಲಿ ಫ್ರಾನ್ಸಿನ ಜ್ಯಾಂ ಪೆಕೆ ಈ ರಸದ ದಾರಿ ತೋರಿಸಿದ: ಬೆನ್ನುಮೂಳೆಗೆ ಒತ್ತಿಕೊಂಡು ಎದೆಯ ಮೂಲಕ ಮೇಲೇರುವ ಒಂದು ನಾಳ, ಕತ್ತಿನ ಬುಡದಲ್ಲಿ ರಕ್ತನಾಳಕ್ಕೆ ಸೇರುತ್ತದೆ.

ಮುಂದೆ ಸುಮಾರು ಮುನ್ನೂರು ವರ್ಷ ಈ ನಾಳ ಎದೆಯ ವೈದ್ಯರನ್ನು ಹೆಚ್ಚು ಕಾಡಲಿಲ್ಲ. ಕಾಡಿದ್ದು ಹೃದಯದ ಆಪರೇಷನ್ ಶುರುವಾದ ಮೇಲೆ. 1938ರಲ್ಲಿ ಬಾಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಮಗುವಿನ ಹೃದಯದ ಬಳಿ ಮುಚ್ಚದೇ ಉಳಿದಿದ್ದ ನಾಳವೊಂದನ್ನು ಕಟ್ಟಿದರು. ನಮ್ಮ ದೇಶದಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿದವರಲ್ಲಿ ಡಾ. ಎನ್. ಗೋಪಿನಾಥ್ ಒಬ್ಬರು, 1962ರಲ್ಲಿ, ವೆಲ್ಲೂರಿನಲ್ಲಿ. ಅವರು ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ ಎಂಬುದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ.

ದುಗ್ಧನಾಳದ ಗೋಡೆ ತೀರಾ ತೆಳು. ಆಪರೇಷನ್‌ಗೆಂದು ಮಗುವನ್ನು ಉಪವಾಸ ಇಟ್ಟಿರುವುದರಿಂದ ಒಳಗಿನ ರಸಕ್ಕೂ ಬಣ್ಣವಿಲ್ಲ. ಪೆಟ್ಟಾದರೂ ಆಗ ಕಾಣುವುದಿಲ್ಲ. ಪೆಟ್ಟೇ ಆಗಬೇಕೆಂದೂ ಇಲ್ಲ, ರಕ್ತನಾಳದಲ್ಲಿ ಒತ್ತಡ ಏರಿದರೂ ಹೆಪ್ಪು ಕಟ್ಟಿದರೂ ರಸ ಸೋರುತ್ತದೆ. ಹಾಲು ಕುಡಿಸಿದ ಮೇಲೆ ಬಣ್ಣ ಬಯಲಾಗುತ್ತದೆ, ಅಸೆಲ್ಲಿಯ ನಾಯಿಯ ಹಾಗೆಯೇ. ವೈದ್ಯರು ಇದಕ್ಕೆ ಕೈಲೋಥೊರಾಕ್ಸ್ ಎನ್ನುತ್ತಾರೆ. ಇಂಥ ಆಪರೇಷನ್ ಆದ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುವಂಥದ್ದು. ಹಗುರವಾಗಿ ನೋಡುವಂತಿಲ್ಲ. ಸೋರಿಹೋಗುವುದು ಪ್ರೊಟೀನು, ಕೊಬ್ಬು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ.

ಚಿಕಿತ್ಸೆ ಶುರುವಾಗುವುದು ಅಡುಗೆಮನೆಯ ಲೆಕ್ಕದಿಂದ. ಕೊಬ್ಬುಗಳಲ್ಲಿ ಉದ್ದ ಸರಪಣಿಯವು ದುಗ್ಧನಾಳದಲ್ಲಿ ಸಾಗುತ್ತವೆ. ಮಧ್ಯಮ ಸರಪಣಿಯವು ಕರುಳಿನಿಂದ ನೇರ ರಕ್ತಕ್ಕೆ ಸೇರುತ್ತವೆ. ಈ ಎರಡನೆಯದನ್ನು ಕೊಟ್ಟು ಸೋರಿಕೆ ತಗ್ಗಿಸಬಹುದೆಂದು 1964ರಲ್ಲಿ ಅಮೆರಿಕದ ವೈದ್ಯರು ಬರೆದರು. ಆ ಕೊಬ್ಬನ್ನು ತೆಗೆಯುವುದು ಯಾವುದರಿಂದ ಹೇಳಿ? ಮುಖ್ಯವಾಗಿ ತೆಂಗಿನೆಣ್ಣೆ, ತಾಳೆಬೀಜದ ಎಣ್ಣೆಯಿಂದ. ಹಾಗೆಂದು ನಮ್ಮ ಕರಾವಳಿಯವರು ಮಗುವಿಗೆ ಮನೆಯ ಎಣ್ಣೆ ಕುಡಿಸಬೇಡಿ! ತೆಂಗಿನೆಣ್ಣೆಯಲ್ಲಿರುವುದೆಲ್ಲ ಆ ಜಾತಿಯ ಕೊಬ್ಬಲ್ಲ. ಆಹಾರ ತಜ್ಞರು ಅಳೆದು ಹೇಳಬೇಕು. ಅದರಿಂದ ನಿಲ್ಲದಿದ್ದರೆ ರಕ್ತನಾಳದ ಮೂಲಕ ಪೋಷಣೆ, ಔಷಧಿ, ಕೊನೆಗೆ ನಾಳ ಕಟ್ಟುವುದು.

ವರ್ಷಗಳ ನಂತರ ಬರುವ ತೊಂದರೆಯೂ ಉಂಟು. ಹೃದಯದ ಒಂದೇ ಕೆಳಕೋಣೆ ಕೆಲಸಕ್ಕೆ ಬರುವ ಮಕ್ಕಳಿಗೆ ಫ್ರಾನ್ಸಿನ ಫ್ರಾನ್ಸಿಸ್ ಫಾಂಟನ್ 1968ರಲ್ಲಿ ಒಂದು ದಾರಿ ಕಂಡರು. ಕೆಟ್ಟ ರಕ್ತವನ್ನು ನೇರ ಶ್ವಾಸಕೋಶಕ್ಕೆ ಹರಿಸುವುದು. ಸಾವಿರಾರು ಮಕ್ಕಳು ಬದುಕಿದರು. ಆದರೆ ರಕ್ತನಾಳದ ಒತ್ತಡ ಜೀವನವಿಡೀ ಏರಿಯೇ ಇರುತ್ತದೆ, ದುಗ್ಧರಸ ಹೆಚ್ಚುತ್ತದೆ, ಹೊರದಾರಿ ಬಿಗಿಯಾಗುತ್ತದೆ. ಕೆಲವರಿಗೆ ಕರುಳಿನಲ್ಲಿ ಪ್ರೊಟೀನು ಸೋರಿ ಕಾಲು, ಹೊಟ್ಟೆ, ಮುಖ ಊದುತ್ತವೆ, ಭೇದಿಯಾಗುತ್ತದೆ. ಕೆಲವರು ಕೆಮ್ಮಿದಾಗ ಶ್ವಾಸನಾಳದ ಅಚ್ಚಿನಂತೆ ಕವಲೊಡೆದ ರಬ್ಬರಿನಂಥ ಗಟ್ಟಿ ಬರುತ್ತದೆ. ಫಾಂಟನ್ ಆಪರೇಷನ್ ಆದ ಮಗು ನಿಮ್ಮ ಮನೆಯಲ್ಲಿದ್ದರೆ, ಊತಕ್ಕೆ, ಕೆಮ್ಮಿಗೆ ಸ್ಟೇಷನ್ ಪಕ್ಕದ ಅಂಗಡಿಯ ಮಾತ್ರೆ ನುಂಗಿಸಿ ಕಾಯಬೇಡಿ. ಹೃದಯದ ವೈದ್ಯರಲ್ಲಿಗೇ ಹೋಗಿ.

ಕಣ್ಣಿಗೆ ಕಾಣದ ಈ ನಾಳಗಳನ್ನು ನೋಡುವ ವಿದ್ಯೆ ಬಂದದ್ದು ತೀರಾ ಈಚೆಗೆ. ತೊಡೆಸಂದಿನ ಗ್ರಂಥಿಗೆ ಬಣ್ಣದ ದ್ರವ ಕೊಟ್ಟು ಎಂಆರ್‌ಐನಲ್ಲಿ ಅದು ಹರಿಯುವುದನ್ನು ನೋಡುತ್ತಾರೆ, ಸೋರುವ ಕವಲನ್ನು ಸಣ್ಣ ಕೊಳವೆಯ ಮೂಲಕ ಮುಚ್ಚುತ್ತಾರೆ. ಫಿಲಡೆಲ್ಫಿಯಾದ ಡೋರಿ, ಇಟ್ಕಿನ್ ತಂಡ ಆ ಕೆಮ್ಮಿನ ಕಾಯಿಲೆಯ ಬಹುಪಾಲು ರೋಗಿಗಳು ಹೀಗೆ ಚೇತರಿಸಿಕೊಂಡರೆಂದು 2016ರಲ್ಲಿ ಬರೆಯಿತು.

ಮೊನ್ನೆ ಅಕ್ಕ ಮತ್ತೆ ಫೋನ್ ಮಾಡಿದ್ದರು. ಹನ್ನೊಂದನೆಯ ದಿನ ಟ್ಯೂಬು ತೆಗೆದರಂತೆ. ಇನ್ನೂ ಕೆಲವು ವಾರ ಮಗುವಿಗೆ ಬೇರೆ ಪುಡಿಹಾಲೇ ಅಂತೆ. ಈ ಸಲ ಹಾಡನ್ನೂ ಕೇಳಿದ್ದಾರೆ. ಭಾನುವಾರ ಹಾಕುತ್ತೇವೆ.